ಎರಡನೇ ಲೋಟದ ಕೆಂಪು ನೀರು

ಸಿಕ್ಕಿತು ಮಾರಾಯ್ರೆ! ಅಡುಗೆಮನೆ ನಳ್ಳಿಯ ಕೆಂಪು ನೀರಿಗೆ ಕಾರಣ ಕೊನೆಗೂ ಸಿಕ್ಕಿತು. ಬಾವಿಯಲ್ಲ, ಟ್ಯಾಂಕಲ್ಲ. ಟೈಲ್ಸ್ ಹಿಂದೆ ಅಡಗಿ ಕೂತಿದ್ದ ಒಂದು ಜಿಐ ಪ್ಲಗ್, ಅಂದರೆ ಪೈಪಿನ ಬಾಯಿ ಮುಚ್ಚುವ ಸತು ಲೇಪದ ಕಬ್ಬಿಣದ ಬಿರಡೆ.

ಟ್ಯಾಂಕ್ ತೊಳೆದದ್ದು, ಫುಟ್‌ವಾಲ್ವ್ ಬಿಚ್ಚಿದ್ದು, ನಳ್ಳಿಗೆ ಬಿಳಿ ಬಟ್ಟೆ ಕಟ್ಟಿದ್ದು ಎಲ್ಲ ನೀವೂ ಮಾಡಿರುತ್ತೀರಿ, ಬಿಡಿ. ತಲೆ ತಿಂದದ್ದು ಬೇರೆ. ಬೇಸಿಗೆಯಲ್ಲಿ ಬಜೆ ಡ್ಯಾಮಿನಿಂದ ಬರುವ ನಗರಸಭೆ ನೀರು ಬಳಸುವಾಗ ಏನೂ ಇರಲಿಲ್ಲ. ಆಟಿ ತಿಂಗಳ ಮಳೆಗೆ ಬಾವಿ ತುಂಬಿ ಪಂಪ್ ಹಾಕಲು ಶುರು ಮಾಡಿದೆವು, ಕೆಂಪು ಬಂತು. ಅದೂ ಒಂದೇ ನಳ್ಳಿಯಲ್ಲಿ, ಬೆಳಗ್ಗೆ ಮಾತ್ರ. ನೀರುದೋಸೆ ಹಳದಿಯಾಗುತ್ತದೆ ಅಂತ ಅಮ್ಮನ ದೂರು. "ಮಳೆಗೆ ಬಾವಿ ಕಲಕಿದೆ" ಅಂತ ನೆರೆಕರೆಯವರ ತೀರ್ಪು. ಬಾವಿ ಕಲಕಿದ್ದರೆ ಬಚ್ಚಲಿನ ನಳ್ಳಿಯಲ್ಲೂ ಬರಬೇಕಲ್ವಾ?

ಈ ನಡುವೆ ಆರ್‌ಒ (ನೀರಿನ ಲವಣ ತೆಗೆಯುವ ಫಿಲ್ಟರ್) ಮಾರುವವನೊಬ್ಬ ಬಂದ. ನಮ್ಮ ನೀರಿಗೊಂದು, ಅವನ ಆರ್‌ಒ ನೀರಿಗೊಂದು ಅಂತ ಕರೆಂಟಿನ ಕಡ್ಡಿ ಅದ್ದಿದ. ನಮ್ಮದು ಕೆಸರಾಯಿತು. "ನೋಡಿ ಸರ್, ಎಷ್ಟು ಕೊಳೆ!" ಆ ಕಡ್ಡಿ ಕಬ್ಬಿಣದ್ದು. ಕರೆಂಟ್ ಹರಿದರೆ ಅದೇ ಕರಗಿ ಕೆಸರಾಗುತ್ತದೆ. ಆರ್‌ಒ ನೀರಲ್ಲಿ ಲವಣ ಇಲ್ಲದ ಕಾರಣ ಕರೆಂಟೇ ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಅವನ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ, "ಈಗ ಅದ್ದಿ" ಅಂದೆ. ನಮ್ಮದಕ್ಕಿಂತ ಜಾಸ್ತಿ ಕೆಸರು! ಕಾಪಿ ಕುಡಿಯದೆ ಹೊರಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅರ್ಧ ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನೊಳಗೆ 100 ಮಿಲಿ ನೀರು ಅಂದರೆ ಹತ್ತಿರ ಹತ್ತಿರ 80 ಸೆಂಟಿಮೀಟರ್ ಉದ್ದ. ರಾತ್ರಿ ಯಾರೂ ನಳ್ಳಿ ಮುಟ್ಟದ ಹಾಗೆ ನೋಡಿಕೊಂಡು, ಬೆಳಗ್ಗೆ ನಿಧಾನ ತಿರುಗಿಸಿ 100 ಮಿಲಿಯ ಗಾಜಿನ ಲೋಟಗಳಿಗೆ ಸಾಲಾಗಿ ಹಿಡಿದೆ. ಮೊದಲನೆಯದು ತಿಳಿ. ಎರಡನೆಯದು ಕೆಂಪು. ಮೂರನೆಯದರಲ್ಲಿ ಸ್ವಲ್ಪ ಛಾಯೆ. ಆಮೇಲೆ ಎಲ್ಲ ತಿಳಿ. ಎರಡನೇ ಲೋಟಕ್ಕೆ ಜಜ್ಜಿದ ನೆಲ್ಲಿಕಾಯಿ ಹಾಕಿದೆ. ಕಾಯಿಯ ಸುತ್ತ ಮೊದಲು ನೇರಳೆ ಎಳೆ ಬಿಟ್ಟಿತು, ನೋಡುತ್ತಿದ್ದಂತೆ ಇಡೀ ಲೋಟ ಶಾಯಿಯ ಹಾಗೆ ಕಪ್ಪಾಯಿತು. ಕಬ್ಬಿಣವೇ, ಅನುಮಾನವಿಲ್ಲ. ಮೊದಲನೇ ಲೋಟಕ್ಕೂ ಹಾಕಿದೆ, ಬಣ್ಣ ತಿರುಗಲಿಲ್ಲ.

ಅಂದರೆ ಕಳ್ಳ ಇರುವುದು ನಳ್ಳಿಯಿಂದ 80 ಸೆಂಟಿಮೀಟರಿಗೂ 160 ಸೆಂಟಿಮೀಟರಿಗೂ ಮಧ್ಯೆ, ಗೋಡೆಯೊಳಗೆ. ಕೆಟ್ಟುಹೋದ ಹಾರ್ಡ್‌ಡಿಸ್ಕಿನ ಮ್ಯಾಗ್ನೆಟ್ ದಾರಕ್ಕೆ ಕಟ್ಟಿ ಟೈಲ್ಸ್ ಮೇಲೆ ಸವರುತ್ತಾ ಹೋದೆ. ಸಿಪಿವಿಸಿಗೆ ಮ್ಯಾಗ್ನೆಟ್ ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೆ ಫಿಲ್ಟರ್ ಇದ್ದ ಜಾಗದಲ್ಲಿ ದಾರ ಓರೆಯಾಯಿತು. ಟೈಲ್ಸ್ ಒಡೆದರೆ ಬ್ರಾಸಿನ ಟೀ (ಮೂರು ಬಾಯಿಯ ಪೈಪ್ ಜೋಡಣೆ), ಅದರ ಒಂದು ಬಾಯಿಗೆ ಜಿಐ ಪ್ಲಗ್. ಸತುವಿನ ಲೇಪ ಹೋಗಿ ಒಳಮುಖ ತುಕ್ಕು ಹಿಡಿದು ಉಬ್ಬಿತ್ತು, ಉಗುರಲ್ಲಿ ಕೆರೆದರೆ ಹೆಕ್ಕಳೆ ಏಳುತ್ತದೆ. ಫಿಲ್ಟರ್ ತೆಗೆದಾಗ ಪ್ಲಂಬರ್ ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಟೈಲ್ಸ್ ಮುಚ್ಚಿದ್ದಾನೆ.

ಬಾವಿ ನೀರಿಗೆ ಮಾತ್ರ ಯಾಕೆ? ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ನೆಲ, ನೀರು ಸ್ವಲ್ಪ ಹುಳಿ. ಪರೀಕ್ಷೆಯ ಸ್ಟ್ರಿಪ್‌ನಲ್ಲಿ ಪಿಎಚ್ (7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ) 5ಕ್ಕೂ 6ಕ್ಕೂ ನಡುವೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವುದು 6.5ರಿಂದ 8.5. ಹುಳಿ ನೀರಲ್ಲಿ ಬ್ರಾಸೂ ಕಬ್ಬಿಣವೂ ಮುಟ್ಟಿಕೊಂಡರೆ ಕಬ್ಬಿಣವೇ ಬೇಗ ಸವೆಯುವುದು. ಹಗಲು ನೀರು ಓಡುತ್ತಿರುವುದರಿಂದ ಬಣ್ಣ ಕಾಣುವುದಿಲ್ಲ. ರಾತ್ರಿ ನಿಂತದ್ದು ಬೆಳಗ್ಗೆ ಬರುತ್ತದೆ.

ಬದಲಿಗೆ ಬ್ರಾಸ್ ಪ್ಲಗ್ ಕೇಳಿದರೆ ಅಂಗಡಿಯವರು ಫಳಫಳ ಹೊಳೆಯುವುದೊಂದು ಕೊಟ್ಟರು. ಜೇಬಿನ ಮ್ಯಾಗ್ನೆಟ್ ಹಿಡಿದೆ, ಟಕ್ಕನೆ ಅಂಟಿತು. "ಬ್ರಾಸೇ ಸರ್, ಮೇಲಿಂದ" ಅಂದರು. ಮೇಲಿಂದ ನಾನೂ ಸಭ್ಯನೇ. ಬೇರೆ ಅಂಗಡಿಗೆ ಹೋದೆ.

ಪ್ಲಗ್ ಬದಲಾಗಿ ಬಣ್ಣ ನಿಂತಿದೆ, ಆದರೆ ಹುಳಿ ಹಾಗೇ ಉಂಟು. ಹೀಗೇ ಬಿಟ್ಟರೆ ನಾಳೆ ಬ್ರಾಸನ್ನೇ ತಿನ್ನಬಹುದು. ಹಾಗಾಗಿ ಮುಂದಿನ ಪ್ರಾಜೆಕ್ಟ್, ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಚಿಪ್ಪಿನ ಫಿಲ್ಟರ್. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಾಲ್ಕು ಇಂಚಿನ ಪಿವಿಸಿ ಪೈಪಿಗೆ ತುಂಬಿ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿದರೆ ಪಿಎಚ್ ಏರಬೇಕು, ಗಡಸುತನವೂ ಸ್ವಲ್ಪ ಏರುತ್ತದೆ. ತುಂಬ ಪುಡಿ ಮಾಡಿದರೆ ಕಟ್ಟಿಕೊಳ್ಳುತ್ತದೆ, ದೊಡ್ಡದಾಗಿ ಬಿಟ್ಟರೆ ಕರಗುವುದಿಲ್ಲ. ಸದ್ಯ ಕಡಲೆಬೇಳೆ ಗಾತ್ರಕ್ಕೆ ಕುಟ್ಟುತ್ತಿದ್ದೇನೆ. ಚಿಪ್ಪು ಎಷ್ಟು ಕುದಿಸಿದರೂ "ಕುಡಿಯುವ ನೀರಿಗೆ ಮರುವಾಯಿಯಾ?" ಅಂತ ಅಮ್ಮ ಒಪ್ಪುತ್ತಿಲ್ಲ. ಮೊದಲು ಬಚ್ಚಲಿನ ಲೈನಿಗೆ ಹಾಕಿ ನೋಡುವುದು ಅಂತಾಗಿದೆ.