30 ಲೀಟರ್ ನೀರು

ಧಾರವಾಡದಲ್ಲಿ ನಮ್ಮ ಮನೆಯಿರುವ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಮೇಲಿರುವುದನ್ನೆಲ್ಲ ಎತ್ತುತ್ತದೆ. ಹಿತ್ತಲಿನ ಹಳೆಯ ಪಂಪಿನ ಕೋಣೆಯ ಗೋಡೆ ಹೀಗೆಯೇ ಮೂಲೆಯಿಂದ ಮೂಲೆಗೆ ಸೀಳಿಹೋಗಿತ್ತು. ಆದ್ದರಿಂದ ಗುದ್ದಲಿ, ಪೈಪು, ಗೊಬ್ಬರದ ಚೀಲಗಳನ್ನಿಡಲು ಕಟ್ಟಿಸುತ್ತಿರುವ 8x10 ಅಡಿಯ ಹೊಸ ಕೋಣೆಗೆ ಗಟ್ಟಿ ಗರಸು ಸಿಗುವವರೆಗೆ, ಅಂದರೆ 5 ಅಡಿ ಆಳಕ್ಕೆ, ನಾಲ್ಕು ಗುಂಡಿ ತೋಡಿಸಿದ್ದೆ.

ಸೋಮವಾರ ಆ ಗುಂಡಿಗಳಿಗೆ ಕಾಂಕ್ರೀಟ್ ಹಾಕಿದರು. ಓಣಿಯಿಂದ ಹಿತ್ತಲಿಗೆ ಮಿಕ್ಸರ್ ಬರುವಷ್ಟು ದಾರಿಯಿಲ್ಲದ ಕಾರಣ ತಗಡಿನ ಮೇಲೆ ಸಲಿಕೆಯಿಂದಲೇ ಕಲಸಬೇಕಾಯಿತು. ಒಂದು ಚೀಲ ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಅಳತೆ ಸರಿಯಾಗಿಯೇ ಇತ್ತು, ನೀರಿಗೆ ಮಾತ್ರ ಅಳತೆಯೇ ಇರಲಿಲ್ಲ. ಈ ಮಿಶ್ರಣಕ್ಕೆ 50 ಕಿಲೋ ಸಿಮೆಂಟಿನ ಚೀಲಕ್ಕೆ 30 ಲೀಟರ್ ನೀರು ದಾಟಬಾರದು ಎಂದು ಕಾಂಕ್ರೀಟಿಗೆ ಇರುವ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಸಿಮೆಂಟು ತಾನು ಗಟ್ಟಿಯಾಗಲು ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಉಳಿದದ್ದು ಆರಿಹೋಗುವಾಗ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳನ್ನು ಬಿಟ್ಟುಹೋಗುತ್ತದೆ, ಕಾಂಕ್ರೀಟಿನ ಬಲ ಕುಗ್ಗುತ್ತದೆ. ಮೂರನೆಯ ಕೊಡ ಎತ್ತಿದ ಹೆಣ್ಣುಮಗಳ ಕೈಯನ್ನು ನಾನು ತಡೆದೆ.

"ಸಾಕವ್ವಾ, ಇನ್ನ ನೀರ ಬ್ಯಾಡ," ಎಂದೆ.

ಅವರು ಕೊಡ ಕೆಳಗಿಟ್ಟು, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದರು: "ನೀವು ನೀರ ಬ್ಯಾಡ ಅಂದ್ರ, ಆ ನೀರಿನ ಕೆಲಸ ನಮ್ಮ ತೋಳು ಮಾಡಬೇಕ್ರಿ, ಅಕ್ಕಾರ."

ಮೇಸ್ತ್ರಿ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಯೂ ಸುಮ್ಮನಿದ್ದರು. ರಸಮಟ್ಟ ಹಿಡಿದರೆ ಒಂದು ನೂಲೂ ತಪ್ಪದ ಮನುಷ್ಯ. ಕಂಬಿ ನೆಲಕ್ಕೆ ತಾಗದಂತೆ ಅದರ ಕೆಳಗೆ ಕವರ್ ಬ್ಲಾಕ್ ಎಂಬ ಪುಟ್ಟ ಬಿಲ್ಲೆ ಇಡುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ನೀರಿನ ವಿಷಯಕ್ಕೆ ಮಾತ್ರ "ಇಷ್ಟು ವರ್ಷ ಹಿಂಗ ಮಾಡೇವ್ರಿ" ಎನ್ನುವುದೊಂದೇ ಅವರ ಉತ್ತರ. ಆ ಸಡಿಲಿಕೆಯನ್ನು ನಾನು ಅಜ್ಞಾನವೆಂದೇ ತಿಳಿದಿದ್ದೆ. ಈಗ ಅದು ಅಜ್ಞಾನ ಮಾತ್ರವಲ್ಲ ಅನಿಸುತ್ತಿದೆ. ನೀರು ಹೆಚ್ಚಾದ ಕಾಂಕ್ರೀಟು ಸಲಿಕೆಗೆ ಹಗುರ, ಬುಟ್ಟಿಯಿಂದ ತಾನೇ ಜಾರುತ್ತದೆ, ಗುಂಡಿಯ ಮೂಲೆಗೂ ತಾನೇ ಹರಿಯುತ್ತದೆ. ನೀರು ಕಡಿಮೆಯಾದರೆ ಬುಟ್ಟಿಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲವೂ ಅಂಚಿಗೆ ಬಡಿದು ಕೊಡವಬೇಕು, ಕಂಬಿಯಿಂದ ಕುಟ್ಟಿ ಕುಟ್ಟಿ ಒಳಗಿಳಿಸಬೇಕು. ಆ ದಿನ ಸಂಜೆಯವರೆಗೂ ಬುಟ್ಟಿ ಬಡಿಯುವ ಸದ್ದು ಹಿತ್ತಲಿನಲ್ಲಿತ್ತು. ನಾನು ನನ್ನ 30 ಲೀಟರನ್ನು ಬಿಡಲಿಲ್ಲ, ಬಿಡಬೇಕಿತ್ತು ಎಂದು ಈಗಲೂ ಹೇಳಲಾರೆ.

ರಾತ್ರಿ ಲೆಕ್ಕ ಹಾಕಿದೆ. 3 ಅಡಿ ಚೌಕ, 1 ಅಡಿ ದಪ್ಪದ ನಾಲ್ಕು ಪಾಯ ಎಂದರೆ 36 ಘನ ಅಡಿ, ಹತ್ತಿರ ಹತ್ತಿರ ಎರಡೂವರೆ ಟನ್. ಬುಟ್ಟಿಗೆ 20 ಕಿಲೋ ಹಿಡಿದರೆ 120ಕ್ಕೂ ಹೆಚ್ಚು ಬುಟ್ಟಿ, ಹೊತ್ತವರು ಇಬ್ಬರು ಹೆಂಗಸರು. ಸಂಜೆ ಕೂಲಿ ಕೊಡುವಾಗ ಕಲಸಿದ ಗಂಡಾಳುಗಳಿಗೆ ಒಂದು ದರ, ಹೊತ್ತ ಹೆಣ್ಣಾಳುಗಳಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಬಗೆಯ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲಿಯೇ ಬಂದಿದೆ. ಆದರೆ ಕಲಸುವುದು ಬೇರೆ ಕೆಲಸ, ಹೊರುವುದು ಬೇರೆ ಕೆಲಸ ಎಂದರೆ ಮುಗಿಯಿತು. ಹೊರುವುದು ಯಾಕೆ ಅಗ್ಗದ ಕೆಲಸವಾಯಿತು ಎಂದು ಆ ಸಂಜೆ ನಾನು ಕೇಳಲಿಲ್ಲ. ಬಲವಾದ ಕಾಂಕ್ರೀಟು ಬೇಕೆಂದವಳು ನಾನು. ಅದಕ್ಕೆ ತಗುಲಿದ ಹೆಚ್ಚಿನ ಶ್ರಮ ನನ್ನ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಈಗ ಬೆಳಿಗ್ಗೆ ಸಂಜೆ ಪಾಯದ ಮೇಲಿನ ಗೋಣಿಚೀಲಗಳಿಗೆ ನಾನೇ ನೀರು ಹಾಕುತ್ತಿದ್ದೇನೆ. ಹಾರುಬೂದಿಯಂಥದ್ದನ್ನು ಬೆರೆಸಿದ ಪೊಝೊಲಾನಾ ಸಿಮೆಂಟು ಆದ್ದರಿಂದ 10 ದಿನ ಆರಗೊಡಬಾರದು. ಕೊಡ ಬಗ್ಗಿಸಿದಾಗಲೆಲ್ಲ ಆ ಮಾತು ನೆನಪಾಗುತ್ತದೆ: ಆ ನೀರಿನ ಕೆಲಸ ನಮ್ಮ ತೋಳು ಮಾಡಬೇಕ್ರಿ.

ಮುಂದಿನ ವಾರ ಬೀಮಿನ ಕಾಂಕ್ರೀಟು. ಹಿಂಬದಿಯ ಬೇಲಿಯ ಎರಡು ಕಂಬ ಕೀಳಿಸಿ, ದಾಸವಾಳದ ಗಿಡವೊಂದನ್ನು ತೆಗೆಸಿ, ಅರ್ಧ ಚೀಲದ ಮಿಕ್ಸರ್ ಒಳಬರುವಷ್ಟು ದಾರಿ ಮಾಡಿಸಿದ್ದೇನೆ. ಆ ದಿನ ಹೊರುವ ಇಬ್ಬರು ಹೆಂಗಸರಿಗೂ ಗಂಡಾಳಿನ ದರವನ್ನೇ ಕೊಡುವುದಾಗಿ ಮೇಸ್ತ್ರಿಗೆ ಹೇಳಿದೆ. ಅವರು ಒಪ್ಪಿಕೊಂಡರು, ಆದರೆ ಬೇರೆ ಕಡೆ ಈ ಮಾತು ಆಡಬೇಡಿ ಎಂದು ಕೇಳಿಕೊಂಡರು.