ಅಡಿಕೆಯ ಪ್ಯಾದೆ

ಜುಲೈ ತಿಂಗಳ ಒಂದು ಭಾನುವಾರ. ಕಾರವಾರದಲ್ಲಿ ಮೂರು ದಿನದಿಂದ ಬಿಡದ ಮಳೆ. ಬೆಳಗ್ಗೆಯಿಂದ ಕರೆಂಟಿಲ್ಲ. ಅಪ್ಪನೂ ನನ್ನ ಮಗನೂ ಜಗಲಿಯಲ್ಲಿ ಚೆಸ್ ಹರಡಿಕೊಂಡು ಕೂತಿದ್ದರು. ಬಿಳಿ ಕಾಲಾಳುಗಳಲ್ಲಿ ಒಂದು ಯಾವತ್ತೋ ಕಳೆದುಹೋಗಿದೆ. ಅದರ ಜಾಗದಲ್ಲಿ ಅಪ್ಪ ಕವಳದ ಸಂಚಿಯಿಂದ ಒಂದು ಅಡಿಕೆ ತೆಗೆದು ಇಟ್ಟಿದ್ದ.

"ಅಜ್ಜಾ, ನಿನ್ನ ಇನ್ನೊಂದು ಪಾನ್ ಹೋಯ್ತು!"

"ಪಾನ್ ಅಲ್ಲ ಮಾರಾಯಾ, ಪ್ಯಾದೆ."

"ಪ್ಯಾದೆ ಅಂದ್ರೆ?"

"ನಾನೇ."

ಅಪ್ಪ ಮೂವತ್ತು ವರ್ಷದ ಮೇಲೆ ಒಂದು ಸರ್ಕಾರಿ ಕಚೇರಿಯಲ್ಲಿ ಪ್ಯೂನ್ ಆಗಿದ್ದವ. ಊರಿನ ಹಳಬರು ಪಟ್ಟೇವಾಲಾ ಅನ್ನುತ್ತಿದ್ದರು. 1862ರಿಂದ 1956ರ ತನಕ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತಲ್ಲ, ಮರಾಠಿ ಕಚೇರಿಮಾತು ಹಾಗೇ ಉಳಿದುಬಿಟ್ಟಿತ್ತು. ಕಾಳಿ ನದಿಗೆ ಸೇತುವೆ ಆಗುವ ಮೊದಲು ಟಪಾಲು ಹಿಡಿದು ತಾರಿ ದಾಟಿ ಸದಾಶಿವಗಡದ ಕಡೆಗೆಲ್ಲ ನಡೆದವನು. ಅವನ ಹಿಮ್ಮಡಿ ಈಗಲೂ ತೆಂಗಿನ ಸಿಪ್ಪೆಯ ಹಾಗಿದೆ.

ತಮಾಷೆಗೆ ಹೇಳಿದ್ದು ಅಂದುಕೊಂಡೆ. ಸುಮ್ನೆ ಮೊಬೈಲಿನಲ್ಲಿ ನಿಘಂಟು ತೆಗೆದರೆ, ಅಪ್ಪ ಹೇಳಿದ್ದು ಅಕ್ಷರಶಃ ನಿಜ! ಲ್ಯಾಟಿನ್‌ನಲ್ಲಿ ಪಾದಕ್ಕೆ ಒಂದು ಮಾತಿದೆ. ಅದರಿಂದ ಕಾಲ್ನಡೆಯ ಸೈನಿಕನ ಹೆಸರು ಹುಟ್ಟಿತು. ಅದೇ ಫ್ರೆಂಚರ ಬಾಯಲ್ಲಿ ತಿರುಗಿ ಇಂಗ್ಲಿಷಿನ 'ಪಾನ್' ಆಯಿತು. ಪೋರ್ಚುಗೀಸರಲ್ಲೂ ಅದಕ್ಕೊಂದು ರೂಪ ಇತ್ತು, ಅವರ ಜೊತೆ ಇಂಡಿಯಾಕ್ಕೆ ಬಂತು, ಇಂಗ್ಲಿಷರ ಕೈಗೆ ಸಿಕ್ಕು 'ಪ್ಯೂನ್' ಆಯಿತು. ಚೆಸ್ ಮಣೆಯ ಪಾನ್, ಕಚೇರಿಯ ಪ್ಯೂನ್ ಎರಡೂ ಒಂದೇ ಬೇರಿನವು. ಪ್ಯಾದೆ ಬಂದದ್ದು ಪಾರಸಿಯಿಂದ. ಅದರಲ್ಲೂ ಇರುವುದು ಪಾದವೇ. ಸಂಸ್ಕೃತದ ಪದಾತಿಯೂ ಇದೇ ಬಳಗ. ಆನೆ, ಕುದುರೆ, ರಥದ ಜೊತೆ ಚತುರಂಗ ಸೇನೆಯ ನಾಲ್ಕನೇ ಅಂಗ.

ನಮ್ಮ ಕಾಲಾಳು ಮಾತ್ರ ಈ ನೆಂಟಸ್ತಿಕೆಗೆ ಸೇರಿದ್ದಲ್ಲ. ಕಾಲು, ಆಳು, ಎರಡೂ ಅಚ್ಚಗನ್ನಡ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ಆಳು ಅಂದರೆ ಸೈನಿಕ, ಕೂಲಿಯವ. ರಾಜ್ಯಭಾರ ಮಾಡು ಅನ್ನುವುದಕ್ಕೂ ನಾವು ಆಳು ಅಂತಲೇ ಅನ್ನುತ್ತೇವೆ. ವಿಚಿತ್ರ, ಅಲ್ವಾ?

ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ಅವನ ಕಣ್ಣು ಮಣೆಯ ಮೇಲೆಯೇ ಇತ್ತು.

"ಹಂಗಾರೆ ಸಾಹೇಬರ ಬೆಲ್ಲಿಗೆ ಎದ್ದು ಓಡಿದ್ದೆಲ್ಲ ಯುದ್ಧವೇ ಅನ್ನು. ಪಿಂಚಣಿ ಮಾತ್ರ ಸಿಪಾಯಿದು ಕೊಡಲಿಲ್ಲ."

ಅಡಿಕೆ ಒಂದೊಂದೇ ಮನೆ ನಡೆದು ಕೊನೆಯ ಸಾಲು ಮುಟ್ಟಿತು. "ಈಗ ಅದು ಮಂತ್ರಿ, ಅಜ್ಜಾ," ಅಂದ ಮಗ. ಸತ್ತು ಬದಿಗೆ ಬಿದ್ದಿದ್ದ ಬಿಳಿ ಮಂತ್ರಿಯನ್ನು ತಂದು ಆ ಮನೆಯಲ್ಲಿ ನಿಲ್ಲಿಸಿದ. ಅಪ್ಪ ಅಡಿಕೆ ಎತ್ತಿಕೊಂಡ. ಅಡಕತ್ತರಿಯಲ್ಲಿಟ್ಟು ಕಟಕ್ ಅಂತ ಎರಡು ಹೋಳು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡ.

"ಇವ ರಿಟೈರ್ ಆದ," ಅಂದ.