ಬಾಂಗ್ಲಾದೇಶದಲ್ಲಿ ಹೇಗಿದ್ರಿ ಅಂತ ಕೇಳುವವರಿಗೆ

‘ಬಾಂಗ್ಲಾದೇಶದಲ್ಲಿ ಇದ್ರಂತೆ? ಅಯ್ಯೋ, ಅಲ್ಲಿ ಹೇಗಿದ್ರಿ? ಆ ದೇಶ ಯಾಕೆ ಉದ್ಧಾರವೇ ಆಗಲ್ಲ?’

ಢಾಕಾ ಪಕ್ಕದ ಗಾಜೀಪುರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ಕೆಲವು ವರ್ಷ ಇದ್ದು ಬಂದೆ. ಆಮೇಲಿಂದ ಮದುವೆಮನೆ, ನಾಮಕರಣ, ಲಿಫ್ಟು, ಎಲ್ಲಿ ಹೋದರೂ ಇದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂತು. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೇಗಿದ್ದೆ? ಬಾಡಿಗೆ ಮನೆಯಲ್ಲಿದ್ದೆ. ಢಾಕಾಗೆ ಹೋದ ದಿನ ಟ್ರಾಫಿಕ್‌ನಲ್ಲಿದ್ದೆ. ಮರದ ಮೇಲಂತೂ ಇರಲಿಲ್ಲ.

ಉದ್ಧಾರದ ಮಾತಿಗೆ ಮುಂಚೆ ಸ್ವಲ್ಪ ಲೆಕ್ಕ. ಕರ್ನಾಟಕ 1,91,791 ಚದರ ಕಿ.ಮೀ. ಬಾಂಗ್ಲಾದೇಶ ಸುಮಾರು 1,48,000. ಜನ ಮಾತ್ರ ಹತ್ತಿರ ಹತ್ತಿರ 17 ಕೋಟಿ. ನಮ್ಮ ರಾಜ್ಯದಲ್ಲಿ ಕಾಲು ಭಾಗ ಕತ್ತರಿಸಿ ತೆಗೆಯಿರಿ. ಉಳಿದದ್ದರಲ್ಲಿ ಈಗಿನ ಎರಡೂವರೆ ಪಟ್ಟು ಜನರನ್ನು ಕೂರಿಸಿ. ಗಂಗೆ, ಬ್ರಹ್ಮಪುತ್ರ, ಮೇಘನಾ ಮೂರನ್ನೂ ಅದರೊಳಗೇ ಹರಿಸಿ. ಆಮೇಲೆ ನನ್ನನ್ನು ಕೇಳಿ.

ಆ ನೆಲವೇ ನದಿ ತಂದು ಹಾಕಿದ ಮಣ್ಣು. ಕೊಟ್ಟ ನದಿಯೇ ಕಿತ್ತುಕೊಂಡೂ ಹೋಗುತ್ತದೆ. ಪದ್ಮಾ (ಗಂಗೆಗೆ ಅಲ್ಲಿ ಈ ಹೆಸರು) ದಡದಲ್ಲಿ ಮನೆ, ಶಾಲೆ, ಮಸೀದಿ, ಅಂಗಡಿ ಸಾಲು ಎಲ್ಲ ನೀರಿಗೆ ಜಾರುತ್ತವೆ. ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಹುಡುಗಿಗೆ ಊರು ಎಲ್ಲಿ ಅಂತ ಕೇಳಿದ್ದೆ. ‘ನದಿಯಲ್ಲಿ’ ಅಂದಳು, ಮಿಷನ್‌ನಿಂದ ಕಣ್ಣು ಎತ್ತದೆ. ಹೊಲ, ಮನೆ ಎರಡೂ ಹೋದ ಮೇಲೆ ಅವಳ ಅಪ್ಪ ಢಾಕಾದಲ್ಲಿ ರಿಕ್ಷಾ ತುಳಿಯುತ್ತಿದ್ದ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಶುರು ಮಾಡಿದರು. ‘ವರ್ಷಾ ವರ್ಷಾ ಮುಳುಗುತ್ತಲ್ಲ ಸಾರ್, ಆ ಜನಕ್ಕೆ ಬುದ್ಧಿ ಬೇಡ್ವಾ? ಬೇರೆ ಕಡೆ ಹೋಗಬಾರದಾ?’ ಈ ಮಹಾಶಯರು 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ತಮ್ಮ ವಿಲ್ಲಾದಿಂದ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದವರು. ನೆನಪು ಮಾಡಿದೆ. ‘ಅದು ಬೇರೆ, ರಾಜಕಾಲುವೆ ಒತ್ತುವರಿ’ ಅಂದು ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು. ಹೌದು ಸ್ವಾಮಿ, ಬೇರೆಯೇ. ಅಷ್ಟಕ್ಕೂ ಅವರು ಬೇರೆ ಕಡೆ ಹೋದರೆ ನಿಮಗೆ ಅದಕ್ಕೂ ಸಿಟ್ಟು, ಅಲ್ವಾ? ಬೆಂಗಳೂರಲ್ಲಿ ಚಿಂದಿ ಆಯುವವನು ಎರಡು ಮಾತು ಬಂಗಾಳಿ ಆಡಿದರೆ ಸಾಕು, ನಮ್ಮದೇ ಪಶ್ಚಿಮ ಬಂಗಾಳದ ಮುರ್ಷಿದಾಬಾದಿನವನಾದರೂ ‘ಬಾಂಗ್ಲಾದವನು’ ಅಂತ ಬೆರಳು ತೋರಿಸುತ್ತೀರಿ.

ಕೈಯಲ್ಲಿ ಕಾಸಿಲ್ಲದ ದೇಶ ಸಾಯುವ ಮಕ್ಕಳನ್ನು ಹೇಗೆ ಉಳಿಸಿಕೊಂಡಿತು ಅಂತ ಒಬ್ಬರಾದರೂ ಕೇಳಬಾರದಾ? ಅದಕ್ಕಾದರೆ ಊಟ ಬಿಟ್ಟು ಉತ್ತರ ಹೇಳುತ್ತೇನೆ.

ವಾಂತಿಭೇದಿಗೆ ಉಪ್ಪು ಸಕ್ಕರೆ ನೀರು ಕುಡಿಸಿದರೆ ಜೀವ ಉಳಿಯುತ್ತದೆ ಅಂತ 1968ರಲ್ಲಿ ತೋರಿಸಿದ್ದು ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಆದರೆ ಹಳ್ಳಿ ತಾಯಿಗೆ ಅದನ್ನು ಮುಟ್ಟಿಸುವುದು ಹೇಗೆ? 1980ರಿಂದ ಹತ್ತು ವರ್ಷ ಬ್ರಾಕ್ ಅನ್ನುವ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಮನೆ ಮನೆಗೆ ನಡೆದರು. ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಪ್ಯಾಕೆಟ್ ಬೇಡ, ಅಂಗಡಿ ಬೇಡ. ಆಮೇಲೆ ಬೇರೆಯವರು ಹೋಗಿ ಆ ತಾಯಿಗೆ ಎಷ್ಟು ನೆನಪಿದೆ ಅಂತ ಪರೀಕ್ಷೆ ಮಾಡುತ್ತಿದ್ದರು. ತಾಯಿಗೆ ನೆನಪಿದ್ದಷ್ಟು ಕಲಿಸಿದವಳಿಗೆ ಸಂಬಳ! ನಮ್ಮ ಮೇಷ್ಟ್ರುಗಳಿಗೆ ಈ ನಿಯಮ ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಹೀಗೆ ಒಂದು ಕೋಟಿಗೂ ಜಾಸ್ತಿ ಮನೆ ಮುಟ್ಟಿದರು.

ಚಂಡಮಾರುತದ ಕಥೆಯೂ ಹಾಗೇ. 1970ರ ಭೋಲಾ ಚಂಡಮಾರುತದಲ್ಲಿ ಸತ್ತವರು ಮೂರು ಲಕ್ಷಕ್ಕೂ ಹೆಚ್ಚು. 1991ರಲ್ಲಿ ಸುಮಾರು 1,38,000. 2007ರ ಸಿಡ್ರ್‌ನಲ್ಲಿ ಮೂರೂವರೆ ಸಾವಿರದ ಹತ್ತಿರ. ಗಾಳಿ ಸಣ್ಣದಾಗಲಿಲ್ಲ. ಕಂಬಗಳ ಮೇಲೆ ಕಟ್ಟಿದ ಶಾಲೆಗಳು ಬಂದವು, ಗಾಳಿ ಬಂದ ರಾತ್ರಿ ಅವೇ ಆಸರೆ. ಮೆಗಾಫೋನ್ ಹಿಡಿದು ಊರೂರು ಕೂಗುವ ಸ್ವಯಂಸೇವಕರು ಬಂದರು. ಹಸು ಬಿಟ್ಟು ಬರಲ್ಲ ಅನ್ನುವವರಿಗೆ ಹಸು ನಿಲ್ಲಿಸಲು ಎತ್ತರದ ದಿಬ್ಬವನ್ನೂ ಕಟ್ಟಿದರು.

ಹಾಗಂತ ನಾನು ಆ ದೇಶದ ರಾಯಭಾರಿ ಅಲ್ಲ. ಕೊಳದ ಕೊಳಕು ನೀರು ತಪ್ಪಿಸಲು ಕೊರೆದ ಬೋರ್‌ವೆಲ್‌ಗಳಲ್ಲಿ ಆರ್ಸೆನಿಕ್ ಅನ್ನುವ ವಿಷ ಬಂತು. ಹೆಚ್ಚು ಕಡಿಮೆ ಅರ್ಧದಷ್ಟು ಹುಡುಗಿಯರಿಗೆ ಹದಿನೆಂಟರೊಳಗೇ ಮದುವೆ. ಇನ್ನು ನಮ್ಮ ಕಸುಬು. 2013ರ ಏಪ್ರಿಲ್ 24ರಂದು ಢಾಕಾ ಪಕ್ಕದ ಸಾವಾರ್‌ನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಹೊಲಿಯುವವರನ್ನು ಮಾತ್ರ ಮೇಲೆ ಹತ್ತಿಸಿದರು. ಆಮೇಲೆ ತಪಾಸಣೆ ಬಿಗಿಯಾಯ್ತು, ನಿಜ. ನಾನಿದ್ದ ಕಡೆ ಅಂಗಿ ಕೊಳ್ಳುವ ಕಂಪನಿಗಳ ಕಡೆಯವರು ಬಂದು, ಬೆಂಕಿ ಬಿದ್ದರೆ ಓಡುವ ಬಾಗಿಲು, ಕಂಬ, ತೊಲೆ ಎಲ್ಲ ಅಳೆದು ನೋಡುತ್ತಿದ್ದರು. ಅಂಗಿಗೆ ಎರಡು ಕಾಸು ಜಾಸ್ತಿ ಕೊಡಿ ಅಂದರೆ ಮಾತ್ರ ಅಳೆಯುವವರ ಟೇಪು ಮಡಚಿಕೊಳ್ಳುತ್ತಿತ್ತು.

ಈಗ ಪೀಣ್ಯದಲ್ಲಿ ಅದೇ ಕೆಲಸ ಮಾಡುತ್ತೇನೆ. ಖರೀದಿಗೆ ಬಂದವರು ರೇಟು ಕೇಳಿ ‘ಢಾಕಾದಲ್ಲಿ ಇದಕ್ಕಿಂತ ಕಮ್ಮಿ’ ಅನ್ನುತ್ತಾರೆ. ಗಾಜೀಪುರದಲ್ಲಿ ಇದ್ದಾಗ ಅವರೇ ಇಥಿಯೋಪಿಯಾ ಹೆಸರು ಹೇಳುತ್ತಿದ್ದರು.